ಹಿಮನದಿಯ ನಡಿಗೆ

ಎಡೆಲ್ಮಿರಾಗೆ ಇಂಗ್ಲಿಷ್ ಬರುತ್ತಿತ್ತು, ಇಂಗ್ಲಿಷಿನ ನುಡಿಗಟ್ಟು ಒಂದೂ ಬರುತ್ತಿರಲಿಲ್ಲ.

ವರದಿ ಓದುತ್ತಿದ್ದಳು, ಬರೆಯುತ್ತಿದ್ದಳು. ಆದರೆ ಹವಾಮಾನ ನೀತಿಯ ಸಭೆಗಳಲ್ಲಿ ಹೊರದೇಶದವರು ಕೋಣೆಯೊಳಗಿನ ಆನೆ, ದಾರಿಯಲ್ಲಿ ಒದೆಯುವ ಡಬ್ಬಿ ಎಂದು ಶುರುಮಾಡಿದರೆ ಅವಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಎತ್ತರದ ಬೆಟ್ಟಗಳ ನಡುವಿನ ವಾರಾಸ್ ಪಟ್ಟಣದ ಕಚೇರಿಯಲ್ಲಿ, ಅವಳಂತೆ ಹಿಮನದಿ ಅಳೆಯುವ ಇಂಜಿನಿಯರುಗಳಿಗೆಂದು ಸಂಜೆ ಪಾಠ ಇಟ್ಟರು. ಕಲಿಸಲು ಕೆಳಗಿನ ಕರಾವಳಿಯ ರಾಜಧಾನಿ ಲಿಮಾದಿಂದ ರೆನ್ಸೊ ಬಂದ.

ಮೊದಲ ದಿನವೇ ಬೋರ್ಡಿನ ಮೇಲೆ ಒಂದು ಮಾತು ಬರೆದು ಹೇಳಿದ: "ಸರ್ಕಾರ ತೀರಾ ನಿಧಾನ ಅನ್ನೋಕೆ ಇಂಗ್ಲಿಷಿನವರು 'ಹಿಮನದಿಯ ನಡಿಗೆ' ಅಂತಾರೆ."

ಎಡೆಲ್ಮಿರಾ ಎದ್ದು ನಿಂತಳು. "ಯಾವ ಹಿಮನದಿ ಮೇಷ್ಟ್ರೇ? ನಾನು ಸ್ಕೂಲಿಗೆ ಹೋಗುವಾಗ ಕೈಯಲ್ಲಿ ಮುಟ್ಟಿದ ಹಿಮದ ಅಂಚು ಈಗ ಅಲ್ಲಿಂದ ಅರ್ಧ ಗಂಟೆ ಹತ್ತುವಷ್ಟು ಮೇಲಿದೆ. ನಮ್ಮದು ಓಡ್ತಿದೆ. ನೀವು ಒಂದನ್ನಾದರೂ ನೋಡಿದ್ದೀರಾ?"

"ಇಲ್ಲ."

"ಅವರಿಗೆ ನಮ್ಮ ಮೆಟ್ಟಿಲು ಹತ್ತಿದ್ರೇ ಉಬ್ಬಸ. ಉಸಿರು ಬರೋಕೆ ಜಗಿಯಲಿ, ಒಂದು ಹಿಡಿ ಕೋಕಾ ಎಲೆ ಕೊಡ್ರಪ್ಪ, ಪಾಪ," ಎಂದ ಹಿಂದಿನ ಬೆಂಚಿನಿಂದ ಮುದುಕ ಎಲಿಯುತೇರಿಯೊ. ಹಿಮ ಅಳೆಯುವಾಗ ಟೇಪು ಹಿಡಿಯುವುದೇ ಅವನ ಕೆಲಸ.

ಎಲ್ಲರೂ ನಕ್ಕರು. ರೆನ್ಸೊನೂ ನಕ್ಕ, ಅವಳನ್ನೇ ನೋಡುತ್ತ.

ಹಾಳಾದವನು, ಎಂದುಕೊಂಡಳು. ಆಮೇಲೆ ಒಂದು ದಿನವೂ ಪಾಠ ತಪ್ಪಿಸಲಿಲ್ಲ.

ಆಗಸ್ಟಿನಲ್ಲಿ ಹೊರದೇಶದ ಸಮಿತಿ ಬರುವುದಿತ್ತು. ಹಿಮ ಕರಗಿ ತುಂಬಿದ ಕೆರೆ ಒಡೆದರೆ ಕೆಳಗಿನ ಊರನ್ನು ಎಚ್ಚರಿಸಲು ಒಂದು ಸೈರನ್ ಬೇಕು. ಅದಕ್ಕೆ ಹಣ ಕೊಡಲು ಸಮಿತಿ ಒಪ್ಪಬೇಕು. ಆ ಊರಿನಲ್ಲಿ ಎಡೆಲ್ಮಿರಾಳ ತಾಯಿ ಇದ್ದಳು. ಮಾತಾಡಲು ಅವಳಿಗೆ ಸಿಕ್ಕಿದ್ದು ಮೂರು ನಿಮಿಷ.

ಕಲಿತ ನುಡಿಗಟ್ಟನ್ನೆಲ್ಲ ತುಂಬಿ ಭಾಷಣ ಬರೆದು ರೆನ್ಸೊ ಕೈಗೆ ಕೊಟ್ಟಳು. ಮರುದಿನ ಕಾಗದ ವಾಪಸು ಬಂತು. ಒಂದೂ ಬಿಡದೆ ಎಲ್ಲಕ್ಕೂ ಕೆಂಪು ಗೀಟು. ಕೆಳಗೆ ಒಂದೇ ಸಾಲು: "ಇವು ನಿಮಗೆ ಬೇಡ."

ಬೆಟ್ಟದವಳಿಗೆ ಇಷ್ಟೇ ಇಂಗ್ಲಿಷ್ ಸಾಕು ಅಂತ ತಾನೇ? ಅವಳು ಪಾಠಕ್ಕೆ ಹೋಗುವುದನ್ನು ಬಿಟ್ಟಳು. ಸಂಜೆಗಳು ಮಾತ್ರ ಎಷ್ಟು ಹೊತ್ತಾದರೂ ಮುಗಿಯುತ್ತಿರಲಿಲ್ಲ...

ಹಿಮದ ವಾರ್ಷಿಕ ಅಳತೆಯ ದಿನವೇ ಸಮಿತಿಯ ಭೇಟಿ ನಿಗದಿಯಾಯಿತು. ಎಡೆಲ್ಮಿರಾ ಮುಂಜಾನೆಯೇ ಹಿಮನದಿಯ ಬುಡಕ್ಕೆ ಹತ್ತಿದ್ದಳು. ಸಮಿತಿಯವರು ಹೇಸರಗತ್ತೆಗಳ ಮೇಲೆ ಬರುವ ಮೊದಲೇ ರೆನ್ಸೊ ಅಲ್ಲಿಗೆ ನಡೆದುಕೊಂಡು ಬಂದ, ಕೆನ್ನೆ ತುಂಬ ಕೋಕಾ ಎಲೆ, ಉಸಿರೇ ಇಲ್ಲ. ಹಿಮದ ಗೋಡೆಯ ಮುಂದೆ ನಿಂತುಬಿಟ್ಟ. ಆಳದ ನೀಲಿ. ಅದರೊಳಗೆಲ್ಲೋ ನೀರು ಹರಿಯುವ ಸದ್ದು. ಯಾರೂ ಹೇಳಿಕೊಡದೆ ಟೋಪಿ ತೆಗೆದ.

"ಇದಕ್ಕೆ ಜೀವ ಇದೆ," ಎಂದ ಮೆಲ್ಲಗೆ.

ಒಂಬತ್ತು ವರ್ಷದಿಂದ ಬಂದು ಹೋಗುತ್ತಿದ್ದ ಎಡೆಲ್ಮಿರಾಗೂ ಮೈ ಜುಮ್ಮೆಂದಿತು. ಅದನ್ನು ತೋರಗೊಡದೆ ಕೇಳಿದಳು: "ನನ್ನ ಭಾಷಣದ ನುಡಿಗಟ್ಟನ್ನೆಲ್ಲ ಯಾಕೆ ಹೊಡೆದುಹಾಕಿದ್ರಿ?"

"ಆ ಮಾತು ಕಲಿಸೋದು ನೀವು ಆಡಲಿ ಅಂತಲ್ಲ ಇಂಜಿನಿಯರ್, ಕೇಳಿದಾಗ ಗೊತ್ತಾಗಲಿ ಅಂತ. ಕೆಲಸ ಮುಂದೂಡೋರು ಅದರ ಹಿಂದೆ ಅವಿತುಕೊಳ್ತಾರೆ. ನೀವ್ಯಾಕೆ ಅವಿತುಕೊಳ್ಳಬೇಕು?"

"ಇಷ್ಟನ್ನ ಬರೀಬಹುದಿತ್ತಲ್ಲ."

"ಬರೆದಿದ್ದೆ, ಹರಿದುಹಾಕಿದೆ. ಬೇರೆ ಮಾತೂ ಸೇರ್ಕೊಂಡುಬಿಟ್ಟಿತ್ತು."

ಅಷ್ಟರಲ್ಲಿ ಸಮಿತಿ ಬಂತು.

ಗೀಟು ಬೀಳದೆ ಉಳಿದಿದ್ದ ಮಾತುಗಳನ್ನಷ್ಟೇ ಅವಳು ಓದಿದಳು. "ಕೆರೆ ಇಲ್ಲಿದೆ. ಊರು ಅಲ್ಲಿದೆ. ಕೆರೆ ಒಡೆದರೆ ನೀರು ಅಲ್ಲಿಗೆ ಮುಟ್ಟಲು ಇಪ್ಪತ್ತು ನಿಮಿಷ ಸಾಕು. ನನ್ನ ಅಮ್ಮನಿಗೆ ಮಂಡಿನೋವು. ದಿಬ್ಬ ಹತ್ತಲು ಅವಳಿಗೆ ಹದಿನೈದು ನಿಮಿಷ ಬೇಕು. ಸೈರನ್ ಕೂಗಿದರೆ ಅವಳು ಉಳಿಯುತ್ತಾಳೆ."

ಅವಳ ಬೆನ್ನ ಹಿಂದೆ ಹಿಮ ಬಿರಿಯಿತು. ಮನೆಯಷ್ಟು ದೊಡ್ಡ ತುಂಡೊಂದು ಕೆರೆಗೆ ಉರುಳಿತು. ಅಲೆ ದಡ ಮುಟ್ಟಿ ಹಿಂದಿರುಗಿತು.

ಕೊನೆಗೆ ಸಮಿತಿಯ ಮುಖ್ಯಸ್ಥ, ಒಂದು ಕಲ್ಲನ್ನೂ ಮಗುಚದೆ ಬಿಡುವುದಿಲ್ಲ ಎಂದ. ಪ್ರಯತ್ನಿಸುತ್ತೇವೆ ಎಂದರ್ಥ, ಕೊಡುತ್ತೇವೆ ಎಂದಲ್ಲ. ಈಗ ಅವಳಿಗೆ ಅದು ಗೊತ್ತಿತ್ತು.

"ಯಾವ ತಿಂಗಳು?" ಎಂದು ಕೇಳಿದಳು.

ಅವನು ಕೆರೆಯ ಕಡೆ ನೋಡಿದ. "ನವೆಂಬರ್," ಎಂದು ಸೈರನ್ನಿನ ಅರ್ಜಿಯ ಮೇಲೆ ಬರೆದು ಸಹಿ ಹಾಕಿದ.

ಅವರೆಲ್ಲ ಇಳಿದುಹೋದ ಮೇಲೆ ಎಲಿಯುತೇರಿಯೊ ಟೇಪು ಬಿಚ್ಚಿದ. "ಸುಮ್ನೆ ನಿಂತ್ರೆ ಹೇಗೆ ಮೇಷ್ಟ್ರೇ? ಈ ತುದಿ ಹಿಡೀರಿ." ಹೋದ ವರ್ಷ ಹಿಮದ ಅಂಚಿದ್ದ ಕಡೆ ಬಂಡೆಗೆ ಬಳಿದ ಬಣ್ಣದ ಗುರುತಿನ ಮೇಲೆ ರೆನ್ಸೊ ತುದಿ ಒತ್ತಿ ಹಿಡಿದ. ಮುದುಕ ಹಿಮದತ್ತ ನಡೆದ.

"ಪಾಠ ಮುಗೀತಲ್ಲ, ಲಿಮಾಗೆ ಯಾವಾಗ?" ಎಡೆಲ್ಮಿರಾ ಬಂಡೆ ನೋಡುತ್ತ ಕೇಳಿದಳು.

"ನನ್ನ ಬಸ್ಸು ನಿನ್ನೆನೇ ಹೋಯ್ತು."

"ಮತ್ತೆ ನೀವು?"

"ನಿಮ್ಮನ್ನ ಬಿಟ್ಟು ಹೋಗೋಕೆ ಆಗಲಿಲ್ಲ."

ಅವಳು ಬಂಡೆಯಿಂದ ಕಣ್ಣೆತ್ತಿ ಅವನನ್ನು ನೋಡಿದಳು. "ಅದಕ್ಕೆ ಇಂಗ್ಲಿಷಲ್ಲಿ ನುಡಿಗಟ್ಟು ಇಲ್ವಾ?"

"ಇರಬಹುದು. ನನಗೆ ಬೇಡ."

"ಹಾಗಾದ್ರೆ ಇಲ್ಲೇ ಇರು," ಎಂದಳು. "ಟೇಪು ಬಿಗಿಯಾಗಿ ಹಿಡ್ಕೋ."

"ಹಿಡ್ಕೊಂಡಿದ್ದೀನಿ."

ಮೇಲೆ ಹಿಮದ ಅಂಚಿನಿಂದ ಎಲಿಯುತೇರಿಯೊ ಅಳತೆ ಕೂಗಿ ಹೇಳಿದ. ಅವಳು ಪುಸ್ತಕ ತೆರೆದು ಬರೆದುಕೊಂಡಳು: ಒಂದು ವರ್ಷಕ್ಕೆ ಹೋದ ಹಿಮ, ಮೂವತ್ತೊಂದು ಮೀಟರ್ ನಲವತ್ತು ಸೆಂಟಿಮೀಟರ್.