ಕಾಳವ್ವನ ಮೊದಲ ಗುಟುಕು

ಹರಿಹರದ ಅಕ್ಕಿ ಗಿರಣಿ ಸಾಹುಕಾರ ವಾಮದೇವಪ್ಪ ಬೆಳಿಗ್ಗೆ ಮಂಚದ ಮೇಲೆ ಹೆಣವಾಗಿದ್ದ. ಪಕ್ಕದಲ್ಲಿ ಹಸಿರು ರಸ ಮೆತ್ತಿದ ಸೀಸೆ. ಬರೀ ಕಾಮಾಲೆ, ಅದೂ ಇಳಿಯುತ್ತಾ ಬಂದಿತ್ತು. ಇನ್‌ಸ್ಪೆಕ್ಟರ್ ಆಶಾರಾಣಿ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡಳು.

"ನಂದಿಗುಡಿ ಕಾಳವ್ವನ ಔಷಧ ಮೇಡಂ! ನಿನ್ನೆ ಸಂಜೆ ನಾನೇ ಇಸ್ಕೊಂಡು ಬಂದೆ. ತಂದ ತಕ್ಷಣ ನನ್ನೆದುರೇ ಅತ್ತಿಗೆ ಕುಡಿಸಿದ್ರು. ಆ ಮುದುಕಿ ನಮ್ಮಣ್ಣನ್ನ ಕೊಂದ್ಲು!" ತಮ್ಮ ಬಕ್ಕೇಶ್ ಎದೆ ಬಡಿದುಕೊಂಡ.

ವಾಮದೇವಪ್ಪನ ಹೆಂಡತಿ ಬಸವಣ್ಣೆಮ್ಮ ಗೋಡೆಗೆ ಒರಗಿದ್ದಳು. ತನ್ನ ಅಂಗೈಯನ್ನೇ ನೋಡುತ್ತಾ ಕೂತಿದ್ದಳು.

ಆಶಾರಾಣಿಗೆ ನಂಬಲಾಗಲಿಲ್ಲ. ಚಿಕ್ಕಂದಿನಲ್ಲಿ ಅವಳ ಕಾಮಾಲೆ ಇಳಿಸಿದವಳು ಇದೇ ಕಾಳವ್ವ.

*

ಸೀಸೆ ಪರೀಕ್ಷಿಸಿದ ದಾವಣಗೆರೆಯ ಡಾಕ್ಟರ್ ರೇಖಾ ಫೋನ್ ಮಾಡಿದರು. "ಸೀಸೇಲಿ ನೆಲನೆಲ್ಲಿ ರಸ ಐತೆ. ಅದು ಯಾರನ್ನೂ ಕೊಲ್ಲಲ್ಲ. ಆದ್ರೆ ಜೊತೆಗೆ ಕಣಗಿಲೆ ಎಲೆ ಅರೆದು ಸೇರಿಸ್ಯಾರೆ. ವಾಂತಿ ಆಗ್ತತೆ, ನಾಡಿ ನಿಧಾನ ಆಗ್ತತೆ, ಕೊನೆಗೆ ಹೃದಯಾನೇ ನಿಂತೋಗ್ತತೆ."

ಕಾಳವ್ವನ ಬೇಲಿ ತುಂಬ ಕಣಗಿಲೆ! ಠಾಣೆಯ ಮುಂದೆ ಜನ ಆಗಲೇ ಕೂಗುತ್ತಿದ್ದರು. ಮುದುಕಿ ಜೈಲಿಗೆ ಹೋಗುವುದೊಂದೇ ಬಾಕಿ.

"ಕಣಗಿಲೆ ಹೂವು ದೇವರಿಗೆ ಕಣವ್ವಾ, ಔಷಧಕ್ಕಲ್ಲ," ಎಂದಳು ಠಾಣೆಗೆ ಹಿಡಿದು ತಂದಿದ್ದ ಕಾಳವ್ವ.

ಆಶಾರಾಣಿಗೆ ಥಟ್ಟನೆ ನೆನಪಾಯಿತು. ಅಂದು ತನಗಿಂತ ಮೊದಲು ಆ ಕಹಿ ಕುಡಿದು ಮುಖ ಕಿವುಚಿದವಳು ಅಮ್ಮ.

"ಈಗಲೂ ರೋಗಿ ಕಡೆಯವರಿಗೆ ಮೊದಲ ಗುಟುಕು ಕುಡಿಸ್ತೀಯಾ?"

"ಕುಡೀದೆ ಹೋದ್ರೆ ಸೀಸೆ ಕೊಡಲ್ಲ. ಬಕ್ಕೇಶಪ್ಪನೂ ಕುಡಿದ. ಮಲೆಬೆನ್ನೂರಿನ ಮಾಬೂಬೀ ಅಲ್ಲೇ ಕೂತಿದ್ಲು, ಕೇಳ್ರಿ."

ಕೇಳಿದ್ದಾಯಿತು. ಮಾಬೂಬೀ ಹೌದೆಂದಳು, ಅದೇ ಸೀಸೆಯಿಂದ ಎಂದಳು.

*

"ಬಕ್ಕೇಶ್, ಕಾಳವ್ವನ ಮನೇಲಿ ನೀವು ಗುಟುಕು ಕುಡಿದ್ರಾ?"

"ಪದ್ಧತಿ ಅಂತ ಕುಡಿದೆ ಮೇಡಂ. ಅದೇನು ದೊಡ್ಡದು?"

"ಅದೇ ಸೀಸೆ?"

"ಹ್ಞೂಂ."

"ಮತ್ತೆ ನಿಮಗೇನೂ ಆಗ್ಲಿಲ್ಲವಲ್ಲ!"

ಬಕ್ಕೇಶ್ ಬಾಗಿಲ ಕಡೆ ನೋಡಿದ. ಊರಿನವರೆಲ್ಲ ಶಾಸ್ತ್ರಕ್ಕೆಂದು ಕುಡಿಯುವ ಗುಟುಕು ಅದು, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಅವನೂ ಇಟ್ಟಿರಲಿಲ್ಲ.

"ನಿಮ್ಮ ತುಟಿ ಮುಟ್ಟೋವರೆಗೂ ರಸ ಶುದ್ಧ. ತಂದ ತಕ್ಷಣ ಅತ್ತಿಗೆ ನಿಮ್ಮೆದುರೇ ಕುಡಿಸಿದ್ರು ಅಂತ ನೀವೇ ಹೇಳಿದ್ರಿ. ನಡುವೆ ಸೀಸೆ ಇದ್ದದ್ದು ನಿಮ್ಮ ಕೈಲಿ ಮಾತ್ರ."

ಪೇದೆ ಬಕ್ಕೇಶನ ಬೈಕಿನ ಡಿಕ್ಕಿಯಿಂದ ಅರೆದ ಕಣಗಿಲೆ ಮೆತ್ತಿದ ಬಟ್ಟೆ ತಂದಿಟ್ಟ. ಬಕ್ಕೇಶ್ ಅದನ್ನು ದೂರ ತಳ್ಳಿದ. "ಹೈವೇ ಡಿವೈಡರಿನಾಗೆ ಕಿತ್ತೆ. ಅಣ್ಣ ಗಿರಣೀನ ತನ್ನ ಮಗಳ ಹೆಸರಿಗೆ ಮಾಡ್ತೀನಿ ಅಂದ. ನಾನು ಏನಾಗ್ಬೇಕಿತ್ತು?"

ಅಣ್ಣನ ಕಾಲು ಒತ್ತುತ್ತಾ ವಾರವಿಡೀ ಕೂತಿದ್ದವನು! ಆಶಾರಾಣಿ ಪೇದೆಗೆ ಬೇಡಿ ತರಲು ಹೇಳಿದಳು.

ಠಾಣೆಯ ಬಾಗಿಲಲ್ಲಿ ಕೂತಿದ್ದ ಬಸವಣ್ಣೆಮ್ಮ ಆಗಲೇ ಮೊದಲ ಸಲ ಮಾತಾಡಿದಳು. "ಕಹಿ ಐತೆ, ಬ್ಯಾಡ ಅಂದ್ರು. ನಾನೇ ಮೂಗು ಹಿಡಿದು ಕುಡಿಸಿದೆ ಮೇಡಂ."

ಬಿಡುಗಡೆಯಾದ ಕಾಳವ್ವ ಮನೆಗೆ ಹೋಗಲಿಲ್ಲ. ಬಸವಣ್ಣೆಮ್ಮನ ಪಕ್ಕ ಕೂತು ಆ ಕೈಗಳನ್ನು ಹಿಡಿದುಕೊಂಡಳು.