ನಾಲ್ಕೂವರೆ ಗಂಟೆಯ ಸುಳ್ಳು

"ಸುಳ್ ಹೇಳ್ಬೇಡಿ! ಆರ್ ಗಂಟೆ ಅಂತಿತ್ತ್. ಈಗ ಹತ್ತೂವರೆ ಅಂಬ್ರ್. ನಾಲ್ಕೂವರೆ ಗಂಟೆ ಎಲ್ಲಿಗ್ ಹೋಯ್ತ್?"

ಕುಂದಾಪುರ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ನೋಡಲಿ. ನಾನು ಅಲ್ಲಿಯ ಟೈಂ ಕೀಪರ್. ಬಸ್ಸು ಒಂದು ನಿಮಿಷ ತಡವಾದರೆ ಡ್ರೈವರನಿಗೆ ಬೈಯುವುದೇ ನನ್ನ ಕೆಲಸ.

"ನಾನೆಲ್ಲಿ ಹೇಳ್ದೆ? ಟಿಕೆಟ್ ಕಂಡ್ ಲೆಕ್ಕ ಹಾಕದ್ದ್ ನೀವೇ," ಎಂದಳು ವಿನಯಾ.

ಹೌದು, ನಾನೇ. ವಿಮಾನದ ಟಿಕೆಟ್ಟಿನಲ್ಲಿ ಬೆಂಗಳೂರು ಬೆಳಿಗ್ಗೆ ಏಳು, ಲಂಡನ್ ಮಧ್ಯಾಹ್ನ ಒಂದು. ಬಸ್ಸಿನ ಟೈಮಿನಂತೆ ಕಳೆದೆ, ಆರು ಗಂಟೆ ಬಂತು. ಇಲ್ಲಿಂದ ಬೆಂಗಳೂರಿಗೇ ಬಸ್ಸಿನಲ್ಲಿ ಹತ್ತು ಗಂಟೆ! ಲಂಡನ್ನಿನ ಆಸ್ಪತ್ರೆಗೆ ಮೂರು ವರ್ಷಕ್ಕೆ ನರ್ಸಾಗಿ ಹೋಗುತ್ತೇನೆ ಎಂದು ಅವಳು ಹೇಳಿದಾಗ ಅದಕ್ಕೇ ನಾನು ಹೆದರಲಿಲ್ಲ. ಹೇಳಬೇಕಾದ್ದನ್ನು ನಿಧಾನಕ್ಕೆ ಹೇಳಿದರಾಯಿತು ಅಂದುಕೊಂಡೆ. ನಿನ್ನೆ ಕಂಡಕ್ಟರ್ ಯತೀಶ್ ಮೊಬೈಲ್ ಮುಖಕ್ಕೆ ಹಿಡಿದ. ಎಂಟು ಸಾವಿರ ಕಿಲೋಮೀಟರ್, ಹತ್ತೂವರೆ ಗಂಟೆ.

"ಇಲ್ಲಿ ಒಂಬತ್ತೂವರೆ ಆಪತಿಗೆ ಅಲ್ಲಿ ಬೆಳಿಗ್ಗೆ ಐದ್ ಗಂಟೆ, ಮರಾಯ್ರೆ," ಎಂದು ವಿನಯಾ ಬಿಡಿಸಿ ಹೇಳಿದಳು.

"ಹಂಗಾರೆ ನಾನಿಲ್ಲಿ ಸೀಟಿ ಊದ್ವತಿಗೆ ನೀವಲ್ಲಿ ನಿದ್ರೆಯಾ?"

ಅವಳಿಗೆ ನಗು ಬಂತು. ಅವಳ ಬಲಹುಬ್ಬು ಮೊದಲು ಏಳುತ್ತದೆ, ನಗು ಆಮೇಲೆ. ನನಗೆ ಇನ್ನೂ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಬೈಂದೂರಿನಿಂದ ಅವಳ ಬಸ್ಸು ಬರುವುದು ಒಂಬತ್ತು ಇಪ್ಪತ್ಮೂರಕ್ಕೆ. ಬ್ರಹ್ಮಾವರದ ಆಸ್ಪತ್ರೆಗೆ ಅವಳು ಹಿಡಿಯುವ ಬಸ್ಸು ಒಂಬತ್ತೂವರೆಗೆ. ನಡುವಿನ ಏಳು ನಿಮಿಷ ನಮ್ಮದು. ಮೂರು ವರ್ಷ ನಾನು 'ಸಿಸ್ಟರ್' ಎಂದೆ, ಅವಳು 'ಸುಧಾಕರಣ್ಣ' ಎಂದಳು. ನಲವತ್ತು ದಾಟಿದ ಇಬ್ಬರು, ಜನರ ಎದುರು, ಇನ್ನೇನು ಅನ್ನುವುದು?

"ಬೈಂದೂರ್ ಬಸ್ ಲೇಟಾರೆ ನೀವ್ ಬ್ರಹ್ಮಾವರ ಬಸ್ ನಿಲ್ಸುದ್ ನಂಗ್ ಗೊತ್ತಿಲ್ಯಾ, ಸುಧಾಕರ? ಡ್ರೈವರ್ ದುಗ್ಗಪ್ಪಣ್ಣ ದಿನಾ ತಮಾಷೆ ಮಾಡ್ತ್ರ್."

ಬರೀ ಸುಧಾಕರ. ಕಿವಿ ಬಿಸಿಯಾಯಿತು.

"ಇವತ್ತೇ ಕಡೇ ಡ್ಯೂಟಿ. ನಾಳೆಯಿಂದ ಬತ್ತಿಲ್ಲೆ." ಅವಳು ನನ್ನ ಕೈಗಡಿಯಾರವನ್ನೇ ನೋಡುತ್ತಿದ್ದಳು. "ಟೈಂ ಬಿಟ್ಟ್ ಬೇರೆಂತಾರೂ ಹೇಳುಕಿತ್ತಾ?"

ಇತ್ತು. ಗಂಟಲವರೆಗೂ ಬಂದಿತ್ತು.

"ಎಂಟ್ ಸಾವ್ರ ಕಿಲೋಮೀಟರ್ ಅಂತ ಮೊದ್ಲೇ ಹೇಳುಕಾಯ್ತಿಲ್ಯಾ?" ಎಂದಿತು ನನ್ನ ಹಾಳು ಬಾಯಿ.

ಅವಳ ಹುಬ್ಬು ಈ ಸಲ ಏಳಲಿಲ್ಲ. "ಆಯ್ತ್," ಎಂದು ಚೀಲವನ್ನು ಹೆಗಲಿಗೇರಿಸಿ ಆಟೋಗಳ ಕಡೆ ನಡೆದಳು. ಈಗ ತಿರುಗುತ್ತಾಳೆ, ಬಸ್ಸು ಬಿಟ್ಟು ಎಲ್ಲಿ ಹೋದಾಳು ಎಂದು ನಿಂತೇ ಇದ್ದೆ.

"ಹ್ವಾಯ್, ಒಂಬತ್ತೂವರೆ ಆಯ್ತ್! ಸೀಟಿ ಊದಿ!" ದುಗ್ಗಪ್ಪ ಕೂಗಿದ.

ಊದಲಿಲ್ಲ. ಮೂವತ್ತೆರಡಾಯಿತು. ಮೂವತ್ತೈದಾಯಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ.

"ನಿಮ್ಗೆಂತ ಮರ್ಲಾ?" ದುಗ್ಗಪ್ಪ ಹುಚ್ಚನನ್ನು ನೋಡುವಂತೆ ನೋಡಿದ.

"ವಿನಯಾ ಬರ್ದೆ ಬಸ್ ಹೋತಿಲ್ಲ!" ಎಂದು ಕಿರುಚಿದೆ.

ಹಾರ್ನ್ ನಿಂತಿತು. ಇಡೀ ಸ್ಟ್ಯಾಂಡಿಗೆ ಕೇಳಿಸಿತ್ತು, ಅವಳೊಬ್ಬಳಿಗೆ ಬಿಟ್ಟು.

ಮೂವತ್ತೇಳಕ್ಕೆ ನಾನು ಸೀಟಿ ಊದುವುದಕ್ಕೂ ಕಾಯದೆ ದುಗ್ಗಪ್ಪ ಬಸ್ಸು ಬಿಟ್ಟ. ಅವಳು ಕೂರುತ್ತಿದ್ದ ಮೂರನೇ ಕಿಟಕಿಯಲ್ಲಿ ಯಾರೂ ಇರಲಿಲ್ಲ.