ಒಂದು ಕಿತ್ತಳೆ, ಒಂದು ಹಸಿರು

ಸೋಮವಾರ ಬೆಳಿಗ್ಗೆಯಿಂದ ಗಾಳದ ಅಂಗಡಿಗೆ ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು. ಒಂದು ಕಿತ್ತಳೆ ಬಿಲ್ಲೆ, ಒಂದು ಹಸಿರು ಬಿಲ್ಲೆ. ಜೋಡಿ ಬೇಡ, ಬಿಡಿಯಾಗಿ ಕೊಡಿ. ಕೇಳುವ ಮುನ್ನ ಪ್ರತಿಯೊಬ್ಬನೂ ಬಾಗಿಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ, ತಾನೊಬ್ಬನೇ ಕಂಡುಕೊಂಡ ಗುಟ್ಟು ಎಂಬ ಹಾಗೆ ಕೇಳುತ್ತಿದ್ದ.

ಡಾಗ್ನಿ ಕುಂಚವನ್ನು ಕೈಯಲ್ಲೇ ಹಿಡಿದು ಹಿಂದಿನ ಕೋಣೆಯಿಂದ ಹೊರಗೆ ಬಂದಳು. ಆ ಬಿಲ್ಲೆಗಳಿಗೆ ಬಣ್ಣ ಹಾಕುವವಳು ಅವಳೇ. ಮಸ್ಕಿ ಎಂಬ ದೊಡ್ಡ ಬೇಟೆಮೀನಿನ ಗಾಳಕ್ಕೆ ಬಿಲ್ಲೆಗಳು ಎರಡು ಬೇಕು. ಚಮಚದ ತಲೆಯಷ್ಟು ಅಗಲದ ಲೋಹದ ತಗಡುಗಳು, ನೀರಿನಲ್ಲಿ ಎಳೆದರೆ ಗಿರಗಿರನೆ ತಿರುಗುತ್ತವೆ. ಅವುಗಳ ಹಿಂದೆ ಜಿಂಕೆ ಬಾಲದ ಕೂದಲಿನ ಕುಚ್ಚು, ಕುಚ್ಚಿನೊಳಗೆ ಕೊಕ್ಕೆ. ತಿಳಿನೀರಿಗೆ ಬೆಳ್ಳಿ, ಚಹಾದಂಥ ನೀರಿಗೆ ತಾಮ್ರ, ಮಳೆ ಬಂದು ಕದಡಿದ ನೀರಿಗೆ ಕಣ್ಣು ಕುಕ್ಕುವ ಕಿತ್ತಳೆ ಇಲ್ಲವೇ ಹಸಿರು, ಮೋಡ ಕವಿದ ಸಂಜೆಗೆ ಕಪ್ಪು. ಉತ್ತರ ವಿಸ್ಕಾನ್ಸಿನ್ನಿನ ಆ ಊರಿನಲ್ಲಿ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿಯುತ್ತಾರೆ. ಆದರೆ ಒಂದೇ ಗಾಳಕ್ಕೆ ಒಂದು ಕಿತ್ತಳೆ, ಒಂದು ಹಸಿರು ಹಾಕಿದವರನ್ನು ಯಾರೂ ಕಂಡಿರಲಿಲ್ಲ.

"ವೆಂಡೆಲ್ ಹಾಕಿದ್ನಂತೆ," ಎಂದಳು ಗಲ್ಲೆಯ ಮೇಲೆ ಕೂತಿದ್ದ ಅಂಗಡಿಯ ಒಡತಿ, ಅವಳ ಸೋದರತ್ತೆ ಬರ್ನೀಸ್. "ಶನಿವಾರ. ಆ ಕದಡಿದ ನೀರಲ್ಲಿ ಊರೇ ಬರಿಗೈಲಿ ವಾಪಸ್ ಬಂತು. ಅವನ ದೋಣಿಗೆ ಮಾತ್ರ ಎದೆಯುದ್ದದ ಮೀನು ಬಂತಂತೆ. ಮೀನನ್ನ ನೀರಿಗೆ ಬಿಟ್ಟ, ಗಾಳ ಮುಚ್ಚಿಡೋದು ಮರೆತ. ದಡದಲ್ಲಿದ್ದೋರು ಸುಮ್ನಿರ್ತಾರಾ?"

ಅವನು ಏನೆಂದನಂತೆ ಎಂದು ಡಾಗ್ನಿ ಕೇಳಿದಳು. ಏನೂ ಅನ್ನಲಿಲ್ಲವಂತೆ. ಅದಕ್ಕೇ ಎಲ್ಲರಿಗೂ ನಂಬಿಕೆ ಬಂದದ್ದು.

ವೆಂಡೆಲ್ ಕ್ರಾಸ್ಕಾ ಗೈಡ್. ಹೊರಗಿನಿಂದ ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಮಸ್ಕಿ ತೋರಿಸುವುದು ಅವನ ಕಸುಬು. ಮಾತು ಕಡಿಮೆ. ಪ್ರತಿ ಗುರುವಾರ ಸಂಜೆ ಅಂಗಡಿಗೆ ಬಂದು, ಹಿಂದಿನ ಕೋಣೆಯ ಬಾಗಿಲಿಗೆ ಒರಗಿ ನಿಂತು, ಆ ವಾರ ನೀರು ಹೇಗಿದೆ ಎಂದು ಹೇಳುತ್ತಿದ್ದ. ಅವನು ನೀರಿಗೆ ಕೈ ಮುಳುಗಿಸಿ, ಉಗುರು ಎಲ್ಲಿ ಮರೆಯಾಗುತ್ತದೆ ಎಂದು ನೋಡಿ ಬಂದಿರುತ್ತಿದ್ದ. ಬರ್ಚ್ ಕೆರೆಯಲ್ಲಿ ಭುಜದವರೆಗೆ ಮುಳುಗಿಸಿದರೂ ಕಾಣುತ್ತದೆ. ಹಿನ್ನೀರಿನಲ್ಲಿ ಮೊಣಕೈಗೇ ಮುಗಿಯಿತು. ಹೊಳೆ ಸೇರುವ ಕಡೆ ಮಣಿಕಟ್ಟೂ ಇಲ್ಲ. ಹೇಳಿ ಮುಗಿಸಿ ಕೇಳುತ್ತಿದ್ದ: "ಯಾವುದು ಹಾಕಲಿ?"

ಅವನು ನೀರು ಹೇಳುತ್ತಿದ್ದ, ಅವಳು ಬಣ್ಣ ಹೇಳುತ್ತಿದ್ದಳು. ಅವಳು ಯೋಚಿಸುವಷ್ಟು ಹೊತ್ತು ಅವನು ಅವಳ ಮುಖವನ್ನೇ ನೋಡುತ್ತಿದ್ದ. ಡಾಗ್ನಿ ಬೇಕೆಂದೇ ನಿಧಾನವಾಗಿ ಯೋಚಿಸುತ್ತಿದ್ದಳು.

ಮಿಲ್ವಾಕಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವಳು, ಬಿಲ್ಲೆಗೆ ಬಣ್ಣ ಹಾಕುತ್ತಿದ್ದ ಅತ್ತೆಯ ಬೆರಳು ಸೊಟ್ಟಗಾದಾಗ ಒಂದು ಬೇಸಿಗೆಗೆಂದು ಬಂದಿದ್ದಳು. ಹೋಗುವ ಮಾತು ಎದ್ದಾಗಲೆಲ್ಲ ಗುರುವಾರ ಬಂದುಬಿಡುತ್ತಿತ್ತು. ಅತ್ತೆಗೆ ಇದು ಗೊತ್ತಿತ್ತು. ಮಸ್ಕಿ ಎಷ್ಟೋ ಸಲ ಗಾಳದ ಹಿಂದೆಯೇ ದೋಣಿಯ ತನಕ ಬರುತ್ತದೆ, ಬಾಯಿ ಮಾತ್ರ ಹಾಕುವುದಿಲ್ಲ. ಆಗ ಅದು ಕಚ್ಚಲೆಂದು, ಗಾಳವನ್ನು ಮೇಲೆತ್ತದೆ, ಕೋಲಿನ ತುದಿಯಿಂದ ದೋಣಿಯ ಪಕ್ಕದಲ್ಲೇ ನೀರಿನೊಳಗೆ 8 ಬರೆಯುತ್ತಿರಬೇಕು. "ಹಿಂದೆ ಹಿಂದೆ ಬರ್ತಾನೆ, ಬಾಯಿ ಬಿಡಲ್ಲ," ಎನ್ನುತ್ತಿದ್ದಳು ಅತ್ತೆ. "ನೀನಾದ್ರೂ ಒಂದು ಎಂಟು ಬರಿಯೇ."

ಆ ಸೋಮವಾರ ಸಂಜೆ ವೆಂಡೆಲ್ ಬಂದ. ಗುರುವಾರವಲ್ಲದ ದಿನ. ಗಾಳದ ಕೊಂಡಿ ಸಡಿಲವಾಗಿದೆ, ಬೇರೆ ಬೇಕು ಎಂದ. ಡಾಗ್ನಿಗೆ ನಗು ತಡೆಯಲಾಗಲಿಲ್ಲ. ನಿನ್ನ ದೆಸೆಯಿಂದ ನನ್ನ ಕಿತ್ತಳೆ ಬಣ್ಣ ತಳ ಕಂಡಿದೆ ಎಂದು ಹೇಳಿ, ಕೈಯಲ್ಲಿ ಹಸಿ ಬಣ್ಣದ ಬಿಲ್ಲೆ ಇದ್ದದ್ದರಿಂದ ಕಪಾಟಿನ ಕಡೆ ಗದ್ದ ತೋರಿಸಿ, ಆ ಕಿತ್ತಳೆ ಶೀಶೆ ಕೊಡು ಎಂದಳು.

ವೆಂಡೆಲನ ಕೈ ಕಪಾಟಿನ ಮುಂದೆ ನಿಂತಿತು. ಒಂದು ಶೀಶೆ ಎತ್ತಿ, ತಿರುಗಿಸಿ, ಅದರ ಮೇಲಿನ ಚೀಟಿ ಓದಿದ. ಕೆಳಗಿಟ್ಟ. ಇನ್ನೊಂದನ್ನು ಎತ್ತಿ ಓದಿದ. ಆಮೇಲೆ ತಂದುಕೊಟ್ಟ.

ಬಣ್ಣ ಕಾಣುವವರು ಚೀಟಿ ಓದುವುದಿಲ್ಲ.

ಡಾಗ್ನಿ ಶೀಶೆ ತೆಗೆದುಕೊಂಡಳು. ಅವನು ಕೊಂಡಿ ತೆಗೆದುಕೊಂಡು ಹೋದ ಮೇಲೆ ಕುಂಚವನ್ನು ಬಣ್ಣದಲ್ಲೇ ಬಿಟ್ಟು ಸುಮ್ಮನೆ ಕೂತಳು. ಇಷ್ಟು ಗುರುವಾರಗಳಲ್ಲಿ ಅವನ ಬಾಯಿಂದ ಒಂದೇ ಒಂದು ಬಣ್ಣದ ಹೆಸರು ಬಂದಿರಲಿಲ್ಲ ಎಂಬುದು ಈಗ ಹೊಳೆಯಿತು. ಭುಜ, ಮೊಣಕೈ, ಮಣಿಕಟ್ಟು. ಅವನು ಕಾಯುತ್ತಿದ್ದುದು ಉತ್ತರಕ್ಕೆ. ಡಾಕ್ಟರ ಎದುರು ಕೂತವರು ಡಾಕ್ಟರ ಮುಖ ನೋಡುವಂತೆ ಅವಳ ಮುಖ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಜೊತೆ ಕಣ್ಣು. ಅವಳದೇ ಆಗಬೇಕೆಂದೇನೂ ಇರಲಿಲ್ಲ.

ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ. ಊರಿನ ಅತ್ಯುತ್ತಮ ಗೈಡ್ ಎನಿಸಿಕೊಂಡವನು, ಬಣ್ಣವೇ ಎಲ್ಲ ಎಂದು ನಂಬುವ ಕಸುಬಿನಲ್ಲಿ, ಬಣ್ಣವಿಲ್ಲದೆ ಇಷ್ಟು ದೂರ ಬಂದಿದ್ದ. ನೀರನ್ನು ಉಗುರಿನಿಂದ ಓದುತ್ತಿದ್ದ.

ಮರುದಿನ ಅರ ತೆಗೆದುಕೊಂಡು ಕೂತಳು. ಬಿಲ್ಲೆಗಳ ಅಂಚಿಗೆ ಸಣ್ಣ ಕಚ್ಚು ಹಾಕಿದಳು. ಬೆಳ್ಳಿಗೆ ಏನೂ ಇಲ್ಲ, ತಾಮ್ರಕ್ಕೆ ಒಂದು, ಕಿತ್ತಳೆಗೆ ಎರಡು, ಹಸಿರಿಗೆ ಮೂರು, ಕಪ್ಪಿಗೆ ನಾಲ್ಕು. ಹೆಬ್ಬೆರಳು ಆಡಿಸಿದರೆ ಸಾಕು, ಯಾವ ಬಣ್ಣ ಎಂದು ತಿಳಿಯುತ್ತಿತ್ತು. ಡಬ್ಬಿಗೆ ತುಂಬಿ, ಯಾವುದಕ್ಕೆ ಎಷ್ಟು ಕಚ್ಚು ಎಂದು ವೆಂಡೆಲನಿಗೆ ಹೇಳಿ ಕೊಡು ಎಂದು ಅತ್ತೆಯ ಕೈಗಿಟ್ಟಳು. ಇನ್ನು ಅವನಿಗೆ ಯಾರನ್ನೂ ಕೇಳುವ ಅಗತ್ಯವಿಲ್ಲ. ಅಗತ್ಯವಿಲ್ಲದೆಯೂ ಗುರುವಾರ ಬರುತ್ತಾನೋ ಇಲ್ಲವೋ, ಅವಳಿಗೆ ತಿಳಿಯಬೇಕಾಗಿದ್ದದ್ದು ಅಷ್ಟೇ.

ಗುರುವಾರ ಅವನು ಬರಲಿಲ್ಲ.

ಅತ್ತೆ ಅಂಗಡಿಯ ದೀಪ ಆರಿಸುವಾಗಲೂ ಡಾಗ್ನಿ ಹಿಂದಿನ ಕೋಣೆಯಲ್ಲಿ, ಆಗಲೇ ಹೊಳೆಯುತ್ತಿದ್ದ ಬಿಲ್ಲೆಯೊಂದನ್ನು ಉಜ್ಜುತ್ತಲೇ ಇದ್ದಳು. ಅತ್ತೆ ಆ ದಿನ ಎಂಟರ ಮಾತು ಎತ್ತಲಿಲ್ಲ. ಮಿಲ್ವಾಕಿಯ ಬೋರ್ಡಂಗಡಿಯ ಮಾಲೀಕರು ಇನ್ನೂ ಕೆಲಸಕ್ಕೆ ಕರೆಯುತ್ತಿದ್ದಾರೆ, ತಿಂಗಳ ಕೊನೆಗೆ ಹೊರಡೋಣ ಎಂದಿದ್ದೇನೆ ಎಂದು ಡಾಗ್ನಿಯೇ ಹೇಳಿದಳು. ಅತ್ತೆ ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡಳು.

ಶುಕ್ರವಾರ ಸಂಜೆ ಊರಿಗೆ ಊರೇ ಕೆರೆಯ ದಡದ ಹೋಟೆಲಿನಲ್ಲಿ ಮೀನೂಟಕ್ಕೆ ಸೇರುವುದು ವಾಡಿಕೆ. ಕರಿದ ಮೀನು, ಆಲೂಗಡ್ಡೆ, ತುರಿದ ಎಲೆಕೋಸು, ರೈ ಹಿಟ್ಟಿನ ಬ್ರೆಡ್ಡು. ಅತ್ತೆ ಬಲವಂತ ಮಾಡಿ ಅವಳನ್ನು ಎಳೆದುಕೊಂಡು ಬಂದಿದ್ದಳು. ಒಳಗೆ ಹೋದ ಕೂಡಲೇ ಡಾಗ್ನಿಗೆ ಕಂಡವನು ವೆಂಡೆಲ್. ಉದ್ದನೆಯ ಮೇಜಿನ ತುದಿಯಲ್ಲಿ ಅವನು, ಸುತ್ತ ಊರಿನ ಗಾಳಗಾರರು. ಮೊದಲು ಮರದ ದಿಮ್ಮಿಯ ಲಾರಿ ಓಡಿಸುತ್ತಿದ್ದ ಹಾರ್ಲನ್ ಪ್ರಿಬಿಲ್ ಬ್ರಾಂದಿಯ ಲೋಟ ಹಿಡಿದು ಅವನ ಕಿವಿಯ ಹತ್ತಿರವೇ ಕೂತಿದ್ದ. ನಾಲ್ಕು ದಿನದಿಂದ ಕಿತ್ತಳೆ ಹಸಿರು ಹಾಕಿ ತೋಳು ಬಿದ್ದುಹೋಗಿದೆ, ಒಂದು ಮರಿಯೂ ತಿರುಗಿ ನೋಡಿಲ್ಲ, ಎಳೆಯುವ ವೇಗದಲ್ಲಿ ಏನಾದರೂ ಮರ್ಮವಿದೆಯೇ ಎಂದು ಕೇಳುತ್ತಿದ್ದ.

ವೆಂಡೆಲ್ ತಲೆ ಎತ್ತಿದ. ಮೇಜುಗಳಾಚೆ ನಿಂತಿದ್ದ ಡಾಗ್ನಿಯನ್ನು ಕಂಡ. ನೋಟ ತೆಗೆಯಲಿಲ್ಲ.

"ಮರ್ಮ ಏನಿಲ್ಲ ಹಾರ್ಲನ್. ಅದು ತಪ್ಪಾಗಿ ಹಾಕಿದ್ದು. ಕಿತ್ತಳೆ ಯಾವುದು, ಹಸಿರು ಯಾವುದು ಅಂತ ನಂಗೆ ಕಾಣಲ್ಲ. ಹುಟ್ಟಿದಾಗಿಂದ ಹಂಗೇ."

ಡಾಗ್ನಿ ಹತ್ತಿರದ ಕುರ್ಚಿಯ ಬೆನ್ನು ಹಿಡಿದಳು. ಬಣ್ಣ ಕಾಣದ ಗೈಡನ್ನು ಯಾರು ಕರೆಯುತ್ತಾರೆ? ಒಂದೇ ಮಾತಿನಲ್ಲಿ ಅವನು ತನ್ನ ಅನ್ನವನ್ನು ಮೇಜಿನ ಮೇಲಿಟ್ಟಿದ್ದ.

ಹಾರ್ಲನ್ ಅವನನ್ನು ದಿಟ್ಟಿಸಿ ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕ.

"ಹೇಳೋಕಿಷ್ಟ ಇಲ್ಲ ಅಂದ್ರೆ ಇಲ್ಲ ಅನ್ನಪ್ಪ. ಅದಕ್ಯಾಕೆ ಕುರುಡನ ನಾಟಕ?"

ಇಡೀ ಮೇಜು ನಕ್ಕಿತು. ಯಾರೋ ಅವನ ಬೆನ್ನು ತಟ್ಟಿದರು. ಯಾರೋ, ಕಳ್ಳ, ಇವನ ಹೊಟ್ಟೆಯಿಂದ ಗುಟ್ಟು ತೆಗೆಯುವುದುಂಟೇ ಎಂದರು. ಆ ಗದ್ದಲದ ನಡುವೆ ನಗದವರು ಇಬ್ಬರೇ.

ಡಾಗ್ನಿ ಹಿಂಬಾಗಿಲಿನಿಂದ ಕೆರೆಯ ಮೇಲಿನ ಜಗಲಿಗೆ ಹೋದಳು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಹಿಂದೆ ಹಲಗೆಯ ಮೇಲೆ ಹೆಜ್ಜೆ ಸದ್ದಾಯಿತು.

"ಅವರು ನಂಬಲಿಲ್ಲ," ಎಂದ ವೆಂಡೆಲ್.

"ನಂಬಿದ್ರೆ ಏನು ಗತಿ ಆಗ್ತಿತ್ತು? ಯಾಕೆ ಹೇಳೋಕೆ ಹೋದೆ?"

"ನಿನಗೆ ಹೇಳ್ಬೇಕಿತ್ತು. ಅವರಿದ್ರು, ಅವರಿಗೂ ಕೇಳಿಸ್ತು."

ಅವಳು ಕಂಬಿ ಹಿಡಿದುಕೊಂಡಳು. ನನಗೆ ಸೋಮವಾರವೇ ತಿಳಿಯಿತು, ಅದಕ್ಕೇ ಆ ಡಬ್ಬಿ ಕೊಟ್ಟದ್ದು ಎಂದಳು. ಅವನು ಜೇಬಿನಿಂದ ಒಂದು ಬಿಲ್ಲೆ ತೆಗೆದ. ಅಂಚಿನ ಮೇಲೆ ಅವನ ಹೆಬ್ಬೆರಳು ಹೋಗಿ ಬರುತ್ತಿತ್ತು.

"ಇದನ್ನ ಮುಟ್ಟಿ ನೋಡ್ದಾಗ ಇನ್ಮೇಲೆ ಬರ್ಬೇಡ ಅಂತಿದೀಯ ಅನ್ಕೊಂಡೆ. ಅದಕ್ಕೇ ನಿನ್ನೆ ಬರ್ಲಿಲ್ಲ."

"ಬರೋ ಅಗತ್ಯ ಇಲ್ದಿದ್ರೂ ಬರ್ತೀಯಾ ಅಂತ ನೋಡೋಕೆ ಮಾಡಿದ್ದು ಅದು." ಮಾತು ಬಾಯಿಂದ ಹೊರಬಿದ್ದ ಮೇಲೆ ಡಾಗ್ನಿ ಮುಖ ತಿರುಗಿಸಿದಳು. "ನಿಂಗೆ ಬೇಕಾಗಿದ್ದು ನನ್ನ ಕಣ್ಣು ಮಾತ್ರ ಅಂತ ಅನ್ನಿಸ್ತು."

ವೆಂಡೆಲ್ ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸಿದ. ಅವನ ಮೌನಗಳಲ್ಲಿ ಎರಡು ಬಗೆ ಎಂದು ಅವಳಿಗೆ ಗೊತ್ತಿತ್ತು. ಮಾತಿಲ್ಲದ್ದು ಒಂದು, ಮಾತು ಹುಡುಕುವುದು ಇನ್ನೊಂದು. ಇದು ಎರಡನೆಯದು. ಅವಳು ಕಾದಳು.

"ನೀನು ಈ ಊರಿಗೆ ಬರೋ ಮೊದ್ಲೂ ನಾನು ಗೈಡೇ," ಎಂದ ಕಡೆಗೆ. "ಆಗ ನಂಗೆ ಯಾರು ಬಣ್ಣ ಹೇಳ್ತಿದ್ರು? ನನ್ನ ಪೆಟ್ಟಿಗೇಲಿ ಒಂದೊಂದು ಬಣ್ಣಕ್ಕೆ ಒಂದೊಂದು ಗೂಡಿದೆ. ಕೊಳ್ಳೋವಾಗ ಹೆಸರು ಕೇಳಿ ಅದರದರ ಗೂಡಿಗೆ ಹಾಕ್ತೀನಿ. ಒಂದ್ಸಲಾನೂ ತಪ್ಪಿಲ್ಲ, ಡಾಗ್ನಿ. ಯಾವ ನೀರಿಗೆ ಯಾವುದು ಅಂತ ನಂಗೆ ನಿನಗಿಂತ ಚೆನ್ನಾಗಿ ಗೊತ್ತು."

"ಮತ್ತೆ ಹೋದ ವಾರದ ಗುರುವಾರ ಕೊಟ್ಟಿದ್ದು ಹೆಂಗೆ ತಪ್ಪಿತು?"

"ಆ ಗುರುವಾರ ನೀನು ಕುಂಚ ಹಲ್ಲಲ್ಲಿ ಕಚ್ಚಿಕೊಂಡು ಜುಟ್ಟು ಕಟ್ಕೋತಿದ್ದೆ."

ಅವಳಿಗೆ ನೆನಪಾಯಿತು. ಎರಡು ಕಿತ್ತಳೆ, ಎರಡು ಹಸಿರು ಬಿಲ್ಲೆ ಅವನ ಕೈಗೆ ಹಾಕಿದ್ದಳು. ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಅದನ್ನು ಗಾಳದ ದಾರದಿಂದ ಕಟ್ಟಿಕೊಳ್ಳುತ್ತಿದ್ದಾಗ ಅವನು ಪೆಟ್ಟಿಗೆ ಮುಚ್ಚಲು ತುಂಬ ತಡ ಮಾಡಿದ್ದ.

"ಯಾವ ಗೂಡಿಗೆ ಏನು ಹಾಕ್ದೆ ಅಂತ ನೋಡ್ಲೇ ಇಲ್ಲ ನಾನು," ಎಂದ.

ಊರಿಗೆ ಊರೇ ನಾಲ್ಕು ದಿನ ನೀರಿನಲ್ಲಿ ಎಳೆದಾಡಿದ್ದು ತನ್ನ ಜುಟ್ಟನ್ನು ಎಂದು ತಿಳಿದಾಗ ಡಾಗ್ನಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಒಳಗಿನಿಂದ ಹಾರ್ಲನ್ನನ ದೊಡ್ಡ ದನಿ ಕೇಳಿಸುತ್ತಿತ್ತು. ಅವನು ಈಗ ವೇಗದ ಬಗ್ಗೆ ತನ್ನದೇ ಸಿದ್ಧಾಂತ ಹೇಳುತ್ತಿದ್ದ.

"ಇದು ಯಾವ ಬಣ್ಣ ಕಾಣತ್ತೆ ನಿಂಗೆ?" ಎಂದು ತನ್ನ ಕೆಂಗೂದಲಿನ ಎಳೆಯೊಂದನ್ನು ಹಿಡಿದು ಕೇಳಿದಳು.

ಅವನು ಹತ್ತಿರ ಬಂದು ನೋಡಿದ. ಅವಸರವಿಲ್ಲದೆ, ನೀರು ನೋಡುವ ಹಾಗೆ.

"ಹೆಸರು ಗೊತ್ತಿಲ್ಲ. ಹಿನ್ನೀರಲ್ಲಿ ತಾಮ್ರದ ಬಿಲ್ಲೆ ಆಳಕ್ಕೆ ಇಳೀತಾ ಹೋಗತ್ತಲ್ಲ, ಇನ್ನೇನು ಮರೆಯಾಗತ್ತೆ ಅನ್ನೋವಾಗ ಒಂದು ಬಣ್ಣ ಬರತ್ತೆ. ಅದು."

ಅವಳು ಎಳೆಯನ್ನು ಬಿಟ್ಟಳು. ಅವನು ಅದನ್ನು ಹಿಡಿದು ಅವಳ ಕಿವಿಯ ಹಿಂದೆ ಸರಿಸಿದ. ಕೈ ಅಲ್ಲೇ ಉಳಿಯಿತು. ಆಮೇಲೆ ಬಗ್ಗಿ, ಆ ಕಿವಿಯಲ್ಲಿ, ಆ ಊರಿನ ಗಂಡಸರು ಹೆಂಡತಿಗೂ ಪಾದ್ರಿಗೂ ಹೇಳದ ಮಾತನ್ನು ಹೇಳಿದ. ಹಿನ್ನೀರಿನಲ್ಲಿ ಹಳೆಯ ಸೇತುವೆ ಮುಳುಗಿರುವ ಕಡೆ, ಸೀಳಿದ ಬೊಡ್ಡೆಯ ಎಡಕ್ಕೆ, ದೊಡ್ಡದೊಂದು ಹೆಣ್ಣು ಮೀನು ಇದೆ. ತಾನು ಬೇಸಿಗೆಯಿಡೀ ಯಾರನ್ನೂ ಅಲ್ಲಿಗೆ ಕರೆದೊಯ್ದಿಲ್ಲ.

ಡಾಗ್ನಿ ತಿಂಗಳ ಕೊನೆಯ ಪ್ರಯಾಣದ ಮಾತನ್ನು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಚಹಾದಂಥ ನೀರು. ತಾಮ್ರವೇ ಸರಿ. ಆದರೆ ಡಾಗ್ನಿ ಒಂದು ಕಿತ್ತಳೆ, ಒಂದು ಹಸಿರು ಬಿಲ್ಲೆ ಹಾಕಿ ತಂದಿದ್ದಳು. ವೆಂಡೆಲ್ ಹೆಬ್ಬೆರಳಿಂದ ಅಂಚು ಮುಟ್ಟಿದ. ಎರಡು ಕಚ್ಚು, ಮೂರು ಕಚ್ಚು. ನಕ್ಕು ಹುಟ್ಟು ಹಾಕಿದ.

ಬೊಡ್ಡೆಯ ಎಡಕ್ಕೆ ಅವಳು ಗಾಳ ಎಸೆದು ಎಳೆದಳು. ಬಿಲ್ಲೆಗಳ ಅದುರಾಟ ಕೋಲಿನ ಮೂಲಕ ಅಂಗೈಗೆ ಬರುತ್ತಿತ್ತು. ಗಾಳ ದೋಣಿಯ ಹತ್ತಿರ ಬಂದಾಗ ಅದರ ಹಿಂದೆ, ನೀರಿಗಿಂತ ಗಾಢವಾಗಿ, ಉದ್ದನೆಯ ನೆರಳೊಂದು ಬಂತು. ಕೋಲಿನ ತುದಿಯನ್ನು ನೀರಿಗಿಳಿಸಿ 8 ಬರೆದಳು. ನೆರಳು ಜೊತೆಗೇ ತಿರುಗಿತು. ಮತ್ತೊಂದು 8 ಬರೆದಳು. ಮೀನು ಒಂದು ಕ್ಷಣ ಅಲ್ಲೇ ನಿಂತು, ಅವಳನ್ನೇ ನೋಡಿದಂತೆ ಇದ್ದು, ಅವಸರವಿಲ್ಲದೆ ಕೆಳಗಿಳಿದು ಮರೆಯಾಯಿತು.

"ಹೋಯ್ತು," ಎಂದಳು ಡಾಗ್ನಿ.

"ಮತ್ತೆ ಬರತ್ತೆ."

"ಹೆಂಗೆ ಹೇಳ್ತೀಯ?"

ವೆಂಡೆಲ್ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಅವಳನ್ನು ನೋಡಿದ. ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ಅದೇ ನೋಟ.

"ನಾನು ಪ್ರತಿ ಗುರುವಾರ ಬರ್ತಿರ್ಲಿಲ್ವಾ?"

ಅವಳು ಕೋಲನ್ನು ಅವನಿಗೆ ಕೊಡಲಿಲ್ಲ. ಬಿಚ್ಚಿ ಮುಖದ ಮೇಲೆ ಬಿದ್ದ ಕೂದಲನ್ನು ಕಟ್ಟಿಕೊಳ್ಳಲೂ ಇಲ್ಲ. ಎದ್ದು ನಿಂತು, ಅದೇ ಜಾಗಕ್ಕೆ, ಮತ್ತೊಮ್ಮೆ ಎಸೆದಳು.